ಮೂರನೆಯ ರಿಚರ್ಡನ ಬೆನ್ನು

2012ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದ ಕಾರು ನಿಲುಗಡೆಯ ಜಾಗವೊಂದನ್ನು ಅಗೆದಾಗ ಹೊರಬಂದ ಅಸ್ಥಿಪಂಜರದ ಬೆನ್ನೆಲುಬು ಹಾವಿನಂತೆ ಪಕ್ಕಕ್ಕೆ ಬಳುಕಿತ್ತು. ಹಿಂದೆ ಅಲ್ಲಿ ಕ್ರೈಸ್ತ ಸನ್ಯಾಸಿಗಳ ಮಠವಿತ್ತು. 1485ರ ಆಗಸ್ಟ್ 22ರಂದು ಬಾಸ್ವರ್ತ್ ಕಾಳಗದಲ್ಲಿ ಮಡಿದ ದೊರೆ ಮೂರನೆಯ ರಿಚರ್ಡನನ್ನು ಹೂಳಿದ್ದು ಆ ಮಠದಲ್ಲಿಯೇ. ಅವನ ಸೋದರಿಯ ವಂಶದವರ ಡಿಎನ್‌ಎ ಜೊತೆ ಹೋಲಿಸಿ, ಮೂಳೆಗಳು ಅವನವೇ ಎಂದು 2013ರ ಫೆಬ್ರವರಿಯಲ್ಲಿ ಲೆಸ್ಟರ್ ವಿಶ್ವವಿದ್ಯಾಲಯ ಘೋಷಿಸಿತು.

ಈ ಡೊಂಕಿನ ಬಗ್ಗೆ ಶತಮಾನಗಳ ಜಗಳವಿತ್ತು. ರಿಚರ್ಡನನ್ನು ಸೋಲಿಸಿ ಪಟ್ಟಕ್ಕೆ ಬಂದದ್ದು ಟ್ಯೂಡರ್ ಮನೆತನ. ಅವರ ಕಾಲದಲ್ಲಿ ಥಾಮಸ್ ಮೋರ್ ಅವನನ್ನು ಗೂನುಬೆನ್ನಿನ, ಎಡಭುಜ ಎತ್ತರವಾದ, ಕೈ ಸೊರಗಿದ ಕುರೂಪಿಯೆಂದು ಬರೆದ. ಷೇಕ್ಸ್‌ಪಿಯರ್ ಆ ಗೂನನ್ನು ರಂಗಕ್ಕೆ ತಂದು, ಮೈಯ ಡೊಂಕೇ ಮನಸ್ಸಿನ ಡೊಂಕು ಎಂಬಂತೆ ಚಿತ್ರಿಸಿದ. ನಮ್ಮ ಮಂಥರೆಯ ಪಾಡೂ ಇದೇ ತಾನೆ! ಇದೆಲ್ಲ ಟ್ಯೂಡರರ ಕಟ್ಟುಕತೆ ಎಂಬುದು ರಿಚರ್ಡನ ಪರ ವಹಿಸಿದ ಹಲವರ ವಾದ. ಅದಕ್ಕೂ ಆಧಾರವಿತ್ತು. ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿರುವ ಅವನ ಭಾವಚಿತ್ರವನ್ನು ಎಕ್ಸ್-ರೇಗೆ ಒಡ್ಡಿದಾಗ, ಬಲಭುಜವನ್ನು ಆಮೇಲೆ ಯಾರೋ ಎತ್ತರಿಸಿ ಬಳಿದದ್ದು ತಿಳಿದಿತ್ತು.

ಮೂಳೆಗಳು ಎರಡೂ ಕಡೆಯವರನ್ನು ತಿದ್ದಿದವು. ಬೆನ್ನೆಲುಬಿನ ಡೊಂಕೆಲ್ಲ ಒಂದೇ ಬಗೆಯದಲ್ಲ. ಬದಿಯಿಂದ ನೋಡಿದರೆ ಎಲ್ಲರ ಬೆನ್ನೆಲುಬಿಗೂ ಸಹಜವಾದ ಬಾಗು ಉಂಟು. ಮೇಲ್ಬೆನ್ನಿನ ಬಾಗು ಅತಿಯಾದರೆ ಅದು ಗೂನು, ವೈದ್ಯರ ಮಾತಿನಲ್ಲಿ ಕೈಫೋಸಿಸ್. ಹಿಂದಿನಿಂದ ನೋಡಿದಾಗ ನೆಟ್ಟಗಿರಬೇಕಾದ ಮೂಳೆಗಳ ಸಾಲು ಪಕ್ಕಕ್ಕೆ ಬಾಗಿ ತಿರುಚಿಕೊಂಡರೆ ಸ್ಕೋಲಿಯೋಸಿಸ್. ರಿಚರ್ಡನದು ಈ ಎರಡನೆಯದು. 2014ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಂತೆ, ಬಲಕ್ಕೆ ಬಾಗಿದ ಆ ಡೊಂಕು ಸುಮಾರು 65ರಿಂದ 85 ಡಿಗ್ರಿ. 10 ಡಿಗ್ರಿ ಮುಟ್ಟಿದರೇ ಸ್ಕೋಲಿಯೋಸಿಸ್ ಎನ್ನುವಾಗ ಇದೇನೂ ಸಣ್ಣದಲ್ಲ. ಹುಟ್ಟಿನಿಂದ ಬಂದದ್ದೂ ಅಲ್ಲ. ಬಹುಶಃ ಹತ್ತು ವರ್ಷ ದಾಟಿದ ಮೇಲೆ, ಬೆಳೆಯುವ ವಯಸ್ಸಿನಲ್ಲಿ ಕಾಣಿಸಿಕೊಂಡದ್ದು. ಆ ವಯಸ್ಸಿನಲ್ಲಿ ಬರುವ ಬಹುಪಾಲು ಡೊಂಕುಗಳಿಗೆ ಇಂದಿಗೂ ಖಚಿತ ಕಾರಣ ಸಿಕ್ಕಿಲ್ಲ.

ಹಾಗಾದರೆ ಜನರ ಕಣ್ಣಿಗೆ ಕಂಡದ್ದೆಷ್ಟು? ಮುಂಡ ಗಿಡ್ಡ, ಬಲಭುಜ ತುಸು ಎತ್ತರ, ಅಷ್ಟೇ. ಒಳ್ಳೆಯ ದರ್ಜಿಯೂ ಅಳತೆಗೆ ಮಾಡಿಸಿದ ಕವಚವೂ ಇದ್ದರೆ ಅದನ್ನೂ ಬಹುಮಟ್ಟಿಗೆ ಮರೆಮಾಡಬಹುದಿತ್ತು ಎಂದರು ತಜ್ಞರು. ಸೊರಗಿದ ಕೈಯ ಸುಳಿವೇ ಇಲ್ಲ. ಮೋರ್ ಭುಜವನ್ನೂ ಅದಲು ಬದಲು ಮಾಡಿದ್ದ. ಭಾವಚಿತ್ರ ತಿದ್ದಿದವನು ಮಾತ್ರ ಸರಿಯಾದ ಭುಜವನ್ನೇ ಎತ್ತರಿಸಿದ್ದ!

ತಲೆಬುರುಡೆಯ ಮೇಲೆ ಒಂಬತ್ತು ಗಾಯಗಳಿದ್ದವು. ಕೊನೆಯ ಗಳಿಗೆಯಲ್ಲಿ ಶಿರಸ್ತ್ರಾಣ ಇರಲಿಲ್ಲವೆಂದು ತೋರುತ್ತದೆ. ರಿಚರ್ಡನನ್ನು ವಾಚಾಮಗೋಚರ ಬೈದು ಬರೆದ ಸಮಕಾಲೀನ ಪಾದ್ರಿ ಜಾನ್ ರೌಸ್ ಕೂಡ, ಈ ಸಣ್ಣ ಮೈಯ, ಬಲ ಸಾಲದ ಮನುಷ್ಯ ಕೊನೆಯ ಉಸಿರಿನವರೆಗೆ ವೀರನಂತೆ ಕಾದಿದನೆಂದು ಒಪ್ಪಿಕೊಂಡಿದ್ದಾನೆ.