ಸೂತ್ರಧಾರಿಗೆ ಕಟ್ಟಿದ ಪಟ್ಟ

ಪ್ರತಿಷ್ಠಾ ಮಹೋತ್ಸವದ ಶುಭಾವಸರದಲ್ಲಿ ಮುನಿಗಳನ್ನೂ ದಾನಿಗಳನ್ನೂ ಭಕ್ತಿಯಿಂದ ಸ್ಮರಿಸುತ್ತೇವೆ. ಕಲ್ಲಿಗೆ ಕಲ್ಲು ಕೂಡಿಸಿ ಜಿನಾಲಯವನ್ನು ನಿಲ್ಲಿಸಿದ ಸೂತ್ರಧಾರಿಯ ಸ್ಮರಣೆ ಮಾತ್ರ ವಿರಳ. ಹಿಂದಿನವರು ಅವನನ್ನು ಮರೆಯಲಿಲ್ಲವೆಂಬುದಕ್ಕೆ ಪಟ್ಟದಕಲ್ಲಿನ ಶಾಸನಗಳೇ ಸಾಕ್ಷಿ.

ಬಾದಾಮಿ ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯನು ಕ್ರಿ.ಶ. ಎಂಟನೆಯ ಶತಮಾನದಲ್ಲಿ ಕಂಚಿಯನ್ನು ಮೂರು ಬಾರಿ ಗೆದ್ದನು. ಅದರ ನೆನಪಿಗಾಗಿ ರಾಣಿ ಲೋಕಮಹಾದೇವಿಯು ಕಟ್ಟಿಸಿದ ಲೋಕೇಶ್ವರ ದೇವಾಲಯವೇ ಇಂದಿನ ವಿರೂಪಾಕ್ಷ ದೇವಾಲಯ. ಅದರ ಸೂತ್ರಧಾರಿ ಗುಂಡನೆಂಬ ಅನಿವಾರಿತಾಚಾರಿ. ಅರಸನು ಅವನಿಗೆ ‘ಪೆರ್ಜೆರೆಪು’ ಪಟ್ಟವನ್ನು ಕಟ್ಟಿ, ‘ತ್ರಿಭುವನಾಚಾರಿ’ ಎಂಬ ಬಿರುದನ್ನಿತ್ತನು. ವಿದ್ವಾಂಸ ಫ್ಲೀಟರ ವ್ಯಾಖ್ಯಾನದಂತೆ, ಇದರಿಂದ ಆ ನಾಡಿನ ಕುಶಲಕರ್ಮಿಗಳ ಮೇಲಿದ್ದ ಬಹಿಷ್ಕಾರವೂ ತೊಲಗಿತು. ಒಬ್ಬನ ನಿಷ್ಠೆಯ ಕಾಯಕವು ಇಡೀ ವೃತ್ತಿಬಾಂಧವರ ಮಾನವನ್ನು ಕಾಯ್ದಿತು. ಅಲ್ಲಿಯೇ ಪ್ರಶಂಸಿತನಾದ ಸರ್ವಸಿದ್ಧಿ ಆಚಾರಿಯು ಪ್ರಾಸಾದವಲ್ಲದೆ ಯಾನ, ಆಸನ, ಶಯನಗಳ ನಿರ್ಮಾಣದಲ್ಲಿಯೂ ನಿಪುಣ.

ಪಟ್ಟದಕಲ್ಲಿನಲ್ಲಿ ರಾಷ್ಟ್ರಕೂಟರ ಕಾಲದ ಜೈನ ಬಸದಿಯೂ ಇದೆ. ಶೈವ ದೇಗುಲದಂತೆ ಇಲ್ಲಿಯೂ ಗರ್ಭಗೃಹ, ಪ್ರದಕ್ಷಿಣಾಪಥ, ಮಂಟಪ, ದ್ರಾವಿಡ ವಿಮಾನಗಳುಂಟು. ಶಿಲ್ಪವಿದ್ಯೆಗೆ ಮತಭೇದವಿಲ್ಲ. ಆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವು ನಮ್ಮ ಜಿಲ್ಲೆಯದೇ ಆದ ಮಳಖೇಡ. ಅಲ್ಲಿಯ ನೇಮಿನಾಥ ಬಸದಿಯು ನಮಗೆಲ್ಲ ಪರಿಚಿತ.

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಶ್ರಾವಕ ಬಂಧುಗಳಲ್ಲಿ ಒಂದು ವಿನಂತಿ. ಹೊಸ ಬಸದಿಗಳ ಶಿಲಾಫಲಕದಲ್ಲಿ ದಾನಿಗಳ ಹೆಸರಿನೊಡನೆ ಶಿಲ್ಪಿಯ ಹೆಸರನ್ನೂ, ಅವನ ಊರನ್ನೂ ಕೆತ್ತಿಸಿರಿ. ಗುಂಡನನ್ನು ಇಂದು ನಾವು ಬಲ್ಲೆವಾದರೆ, ಅಂದು ಯಾರೋ ಅವನ ಹೆಸರನ್ನು ಕಲ್ಲಿನಲ್ಲಿ ಬರೆಯಿಸಿದ್ದರಿಂದಲೇ.