ಮೆಟ್‌ಫಾರ್ಮಿನ್ ಮಾತ್ರೆಯ ರೂಪಗಳು

ಮೆಟ್‌ಫಾರ್ಮಿನ್ ಎರಡನೇ ಬಗೆಯ ಮಧುಮೇಹಕ್ಕೆ ಬಾಯಿಯ ಮೂಲಕ ಸೇವಿಸುವ, ಬೈಗ್ವನೈಡ್ ವರ್ಗದ ಔಷಧ. ಯಕೃತ್ತು ಗ್ಲೂಕೋಸ್ ತಯಾರಿಸುವುದನ್ನು ತಗ್ಗಿಸುವುದು ಇದರ ಮುಖ್ಯ ಕಾರ್ಯ. ಫ್ರಾನ್ಸಿನ ವೈದ್ಯ ಜೀನ್ ಸ್ಟರ್ನ್ ಮಧುಮೇಹಿಗಳಲ್ಲಿ ಇದರ ಬಳಕೆಯನ್ನು ಕುರಿತು 1957ರಲ್ಲಿ ವರದಿ ಪ್ರಕಟಿಸಿದರು. ಇಂದು ಇದು ಸಾಮಾನ್ಯ ಮಾತ್ರೆಯಾಗಿಯೂ ನಿಧಾನ ಬಿಡುಗಡೆಯ ಮಾತ್ರೆಯಾಗಿಯೂ ದೊರೆಯುತ್ತದೆ. ಭಾರತದಲ್ಲಿ ಎರಡನೆಯದರ ಹೆಸರಿನ ಜೊತೆಗೆ ಎಸ್‌ಆರ್, ಇಆರ್ ಅಥವಾ ಎಕ್ಸ್‌ಆರ್ ಎಂಬ ಅಕ್ಷರಗಳಿರುತ್ತವೆ. ಇವು ಔಷಧದ ಪ್ರಬಲತೆಯನ್ನು ಸೂಚಿಸುವುದಿಲ್ಲ. ಅದು ಹೊರಬರುವ ವೇಗವನ್ನು ಮಾತ್ರ ಸೂಚಿಸುತ್ತವೆ.

ರಚನೆ ಮತ್ತು ಹೀರಿಕೆ

ಸಾಮಾನ್ಯ ಮಾತ್ರೆ ಜಠರದಲ್ಲಿ ಬೇಗನೆ ಕರಗುತ್ತದೆ. ರಕ್ತದಲ್ಲಿ ಔಷಧದ ಮಟ್ಟವು ಸುಮಾರು 2–3 ಗಂಟೆಗಳಲ್ಲಿ ಗರಿಷ್ಠಕ್ಕೇರುತ್ತದೆ. ನಿಧಾನ ಬಿಡುಗಡೆಯ ಮಾತ್ರೆಯಲ್ಲಿ ಔಷಧವನ್ನು ನೀರು ಹೀರಿ ಉಬ್ಬುವ ಪಾಲಿಮರ್‌ನೊಳಗೆ ಹುದುಗಿಸಿರುತ್ತಾರೆ. ಅದು ಲೋಳೆಯಂತಾಗಿ ಔಷಧವನ್ನು ಸ್ವಲ್ಪಸ್ವಲ್ಪವಾಗಿ ಬಿಡುವುದರಿಂದ ಗರಿಷ್ಠ ಮಟ್ಟಕ್ಕೆ ಸುಮಾರು 7 ಗಂಟೆ ಹಿಡಿಯುತ್ತದೆ. ಔಷಧ ಖಾಲಿಯಾದ ಈ ಲೋಳೆಯ ತಿರುಳು ಕೆಲವೊಮ್ಮೆ ಮಾತ್ರೆಯ ಆಕಾರದಲ್ಲೇ ಮಲದಲ್ಲಿ ಕಾಣಿಸುತ್ತದೆ. ಮಾತ್ರೆ ಜೀರ್ಣವಾಗಲಿಲ್ಲವೆಂದು ಗಾಬರಿಗೊಂಡು ಮತ್ತೊಂದನ್ನು ನುಂಗಬಾರದು.

ಆಯ್ಕೆ

ದಿನದ ಒಟ್ಟು ಪ್ರಮಾಣ ಸಮನಾಗಿದ್ದರೆ ಎರಡೂ ರೂಪಗಳು ರಕ್ತದ ಸಕ್ಕರೆಯನ್ನು ಹೆಚ್ಚುಕಡಿಮೆ ಸಮಾನವಾಗಿ ತಗ್ಗಿಸುತ್ತವೆ. ಹೀಗಾಗಿ ಆಯ್ಕೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಹೊಟ್ಟೆ ಮತ್ತು ದಿನಚರಿ. ವಾಕರಿಕೆ, ಹೊಟ್ಟೆಯುಬ್ಬರ, ಭೇದಿ ಮೆಟ್‌ಫಾರ್ಮಿನ್‌ನ ಸಾಮಾನ್ಯ ಅಡ್ಡಪರಿಣಾಮಗಳು. ಇವುಗಳಿಂದ ಬೇಸತ್ತು ಔಷಧವನ್ನೇ ಬಿಟ್ಟುಬಿಡುವವರುಂಟು. ಅಂಥವರಿಗೆ ವೈದ್ಯರು ನಿಧಾನ ಬಿಡುಗಡೆಯ ರೂಪಕ್ಕೆ ಬದಲಿಸಿದಾಗ ಅನೇಕರಲ್ಲಿ ತೊಂದರೆ ಕಡಿಮೆಯಾಗುತ್ತದೆ. ಸಾಮಾನ್ಯ ಮಾತ್ರೆಯನ್ನು ದಿನಕ್ಕೆ 2–3 ಬಾರಿ ಊಟದೊಂದಿಗೆ ಸೇವಿಸಬೇಕಾದರೆ, ನಿಧಾನ ಬಿಡುಗಡೆಯದನ್ನು ಹೆಚ್ಚಾಗಿ ರಾತ್ರಿಯೂಟದೊಂದಿಗೆ ಒಮ್ಮೆ ಸೇವಿಸುತ್ತಾರೆ. ಖಾಲಿ ಹೊಟ್ಟೆಗಿಂತ ಊಟದೊಂದಿಗೆ ತೆಗೆದುಕೊಂಡಾಗ ಈ ರೂಪದ ಔಷಧ ಹೆಚ್ಚು ಹೀರಲ್ಪಡುತ್ತದೆ. ಮಾತ್ರೆ ನುಂಗಲು ಕಷ್ಟಪಡುವವರಿಗಾಗಿ ದ್ರವರೂಪವೂ ಕೆಲವು ದೇಶಗಳಲ್ಲಿ ಲಭ್ಯವಿದೆ.

ಎಚ್ಚರಿಕೆಗಳು

ನಿಧಾನ ಬಿಡುಗಡೆಯ ಮಾತ್ರೆಯನ್ನು ಪುಡಿಮಾಡಬಾರದು, ಅಗಿಯಬಾರದು. ಹಾಗೆ ಮಾಡಿದರೆ ಇಡೀ ದಿನಕ್ಕೆಂದು ಇಟ್ಟ ಔಷಧ ಒಮ್ಮೆಲೇ ಬಿಡುಗಡೆಯಾಗುತ್ತದೆ. ಮೆಟ್‌ಫಾರ್ಮಿನ್ ದೇಹದಿಂದ ಹೊರಹೋಗುವುದು ಮೂತ್ರಪಿಂಡಗಳ ಮೂಲಕ. ಮೂತ್ರಪಿಂಡಗಳ ಶೋಧನ ದರವು (ಇಜಿಎಫ್‌ಆರ್) 30ಕ್ಕಿಂತ ಕಡಿಮೆಯಿದ್ದರೆ ಯಾವ ರೂಪವನ್ನೂ ಬಳಸುವಂತಿಲ್ಲ. ವಿರಳವಾದರೂ ಮಾರಕವಾಗಬಲ್ಲ ಲ್ಯಾಕ್ಟಿಕ್ ಆಮ್ಲತೆಯ ಅಪಾಯ ಅಂಥವರಲ್ಲಿ ಹೆಚ್ಚು. ದೀರ್ಘಕಾಲದ ಬಳಕೆಯಿಂದ ಬಿ12 ಜೀವಸತ್ವದ ಕೊರತೆ ಉಂಟಾಗಬಹುದು, ಇದಕ್ಕೂ ರೂಪಭೇದವಿಲ್ಲ. ಭಾರತದ ಔಷಧದ ಅಂಗಡಿಗಳಲ್ಲಿ ಗ್ಲಿಮೆಪಿರೈಡ್ ಮುಂತಾದವುಗಳೊಂದಿಗೆ ಬೆರೆಸಿದ ಮೆಟ್‌ಫಾರ್ಮಿನ್ ಮಾತ್ರೆಗಳು ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತವೆ. ಆದ್ದರಿಂದ ವೈದ್ಯರು ಮಾತ್ರೆ ಬದಲಿಸಿದಾಗ ಹಳೆಯದನ್ನು ನಿಲ್ಲಿಸಬೇಕೇ ಎಂದು ಕೇಳಿ ತಿಳಿಯದಿದ್ದರೆ, ಒಂದೇ ಔಷಧವನ್ನು ಎರಡು ಹೆಸರಿನಲ್ಲಿ ಸೇವಿಸುವ ಸಂಭವವಿರುತ್ತದೆ.