ಪೋರ್ಟ್ ಫಾರ್ವರ್ಡಿಂಗ್: ಒಂದು ತಾತ್ಕಾಲಿಕ ಪರಿಹಾರದ ಚರಿತ್ರೆ

ತನ್ನ ಮನೆಯ ಗಣಕಯಂತ್ರದಲ್ಲಿರುವ ಕಡತಗಳನ್ನು ದೂರದ ಊರಿನ ಮಿತ್ರನು ನೇರವಾಗಿ ಪಡೆದುಕೊಳ್ಳುವಂತಾಗಬೇಕೆಂದು ಬಯಸುವ ಗೃಹಸ್ಥನು ಇಂದು ಮೊದಲು ತನ್ನ ರೂಟರಿನ ವ್ಯವಸ್ಥಾಪುಟವನ್ನು ತೆರೆದು ಅಲ್ಲಿ ಕೆಲವು ಅಂಕಿಗಳನ್ನು ತುಂಬಬೇಕಾಗುತ್ತದೆ. ಹೊರಗಿನಿಂದ ಇಂಥ ಪೋರ್ಟಿಗೆ ಬಂದ ಕರೆಯನ್ನು ಒಳಗಿನ ಇಂಥ ವಿಳಾಸದ ಇಂಥ ಪೋರ್ಟಿಗೆ ಒಪ್ಪಿಸತಕ್ಕದ್ದು ಎಂಬ ಈ ಒಂದು ಸಾಲಿನ ಕಟ್ಟಳೆಗೆ ಪೋರ್ಟ್ ಫಾರ್ವರ್ಡಿಂಗ್ ಎಂದು ಹೆಸರು. ಇದು ಯಂತ್ರದ ಕೈಪಿಡಿಗೆ ಸೇರಿದ ಸಂಗತಿಯೇ ಹೊರತು ಚರಿತ್ರೆಗೆ ಸೇರಿದುದಲ್ಲವೆಂದು ಭಾವಿಸುವುದು ವಾಡಿಕೆ. ಆದರೆ ಈ ಕಟ್ಟಳೆ ಏಕೆ ಬೇಕಾಯಿತೆಂದು ವಿಚಾರಿಸಹೊರಟರೆ, ಅಂತರಜಾಲದ ಸಕಲ ಯಂತ್ರಗಳಿಗೂ ಸಮಾನವಾಗಿದ್ದ ಒಂದು ಅಧಿಕಾರವು, ಅದನ್ನು ಕಿತ್ತುಕೊಳ್ಳಬೇಕೆಂದು ಯಾರೂ ನಿರ್ಣಯಿಸದೆಯೇ, ಹೇಗೆ ಕಳೆದುಹೋಯಿತೆಂಬುದನ್ನು ನಾವು ಕಾಣುತ್ತೇವೆ.

ಆ ಅಧಿಕಾರವೆಂದರೆ ಕರೆಯಿಸಿಕೊಳ್ಳುವ ಅಧಿಕಾರ. ಜಾಲದಲ್ಲಿ ಕಡತಗಳನ್ನು ಸಾಗಿಸುವ ನಿಯಮಾವಳಿಯ ಮೊದಲ ರೂಪವನ್ನು ೧೯೭೧ರ ಏಪ್ರಿಲಿನಲ್ಲಿ ಆರ್‌ಎಫ್‌ಸಿ ೧೧೪ ಎಂಬ ಪತ್ರದಲ್ಲಿ ಪ್ರಕಟಿಸಿದವರು ಅಭಯ್ ಭೂಷಣ್ ಅವರು. ಕಾನಪುರದ ಐಐಟಿಯ ಮೊದಲ ತಂಡದ ವಿದ್ಯಾರ್ಥಿಯಾಗಿದ್ದ ಅವರು ಆಗ ಅಮೆರಿಕದ ಎಂಐಟಿಯಲ್ಲಿದ್ದರು. ಜಾಲದ ನಿಯಮಗಳೆಲ್ಲ ಪ್ರಕಟವಾಗುವುದು ಈ ಆರ್‌ಎಫ್‌ಸಿ ಮಾಲೆಯಲ್ಲಿಯೇ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಅನುಕೂಲ. ಭೂಷಣರ ನಿಯಮಾವಳಿ ಅನೇಕ ತಿದ್ದುಪಡಿಗಳನ್ನು ಹೊಂದಿ ೧೯೮೫ರಲ್ಲಿ ಆರ್‌ಎಫ್‌ಸಿ ೯೫೯ರ ರೂಪವನ್ನು ತಾಳಿತು. ಇದರಂತೆ ಕಡತವನ್ನು ಕೇಳುವವನು ಕೊಡುವವನ ೨೧ನೆಯ ಪೋರ್ಟಿಗೆ ಕರೆಯನ್ನು ಕಳುಹಿಸುತ್ತಾನೆ. ತನ್ನ ವಿಳಾಸ ಇಂಥದು, ಪೋರ್ಟು ಇಂಥದು ಎಂದು ಆ ಸಂದೇಶದೊಳಗೇ ಬರೆದು ತಿಳಿಸುತ್ತಾನೆ. ಕೊಡುವವನು ಆ ವಿಳಾಸಕ್ಕೆ ತಾನಾಗಿ ಮರಳಿ ಕರೆದು ಕಡತವನ್ನು ಒಪ್ಪಿಸುತ್ತಾನೆ. ಕೇಳುವವನೂ ಕರೆಯಿಸಿಕೊಳ್ಳಬಲ್ಲವನೆಂಬ ನಂಬಿಕೆ ಈ ವಿಧಾನದಲ್ಲಿ ಪ್ರಶ್ನೆಯೇ ಇಲ್ಲದೆ ಅಡಗಿದೆ. ವಿಳಾಸವನ್ನು ಮನೆಯ ಸಂಖ್ಯೆಗೂ ಪೋರ್ಟನ್ನು ಆ ಮನೆಯ ಬಾಗಿಲುಗಳಿಗೂ ಹೋಲಿಸಬಹುದು. ಒಂದೊಂದು ವಿಳಾಸಕ್ಕೆ ಇಂಥ ೬೫,೫೩೬ ಬಾಗಿಲುಗಳುಂಟು.

ಮನೆಯ ಸಂಖ್ಯೆಗಳಾದರೋ ಅಷ್ಟು ಉದಾರವಾಗಿರಲಿಲ್ಲ. ೧೯೮೧ರಲ್ಲಿ ನಿಗದಿಯಾದ ವಿಳಾಸಪದ್ಧತಿಯಲ್ಲಿ ಒಟ್ಟು ೪,೨೯,೪೯,೬೭,೨೯೬ ಸಂಖ್ಯೆಗಳು ಮಾತ್ರ ಸಾಧ್ಯ. ಸಂಶೋಧನಾಲಯಗಳ ಜಾಲಕ್ಕೆ ಇದು ಧಾರಾಳವಾಗಿದ್ದಿತು. ಆದರೆ ೧೯೯೦ರ ದಶಕದ ಆರಂಭದಲ್ಲಿಯೇ ಇವು ಸಾಲುವುದಿಲ್ಲವೆಂಬುದು ಸ್ಪಷ್ಟವಾಯಿತು. ದೊಡ್ಡ ವಿಳಾಸಗಳುಳ್ಳ ಹೊಸ ಪದ್ಧತಿ ಸಿದ್ಧವಾಗುವವರೆಗೆ ಕಾಲ ತಳ್ಳಲು ಒಂದು ಉಪಾಯ ಬೇಕಾಗಿದ್ದಿತು. ೧೯೯೪ರ ಮೇ ತಿಂಗಳಲ್ಲಿ ಎಗೆವಾಂಗ್ ಮತ್ತು ಪಾಲ್ ಫ್ರಾನ್ಸಿಸ್ ಅವರು ಆರ್‌ಎಫ್‌ಸಿ ೧೬೩೧ರಲ್ಲಿ ವಿಳಾಸಾನುವಾದದ, ಎಂದರೆ ನ್ಯಾಟ್‌ನ, ಪದ್ಧತಿಯನ್ನು ವಿವರಿಸಿದರು. ಒಳಗಿನ ಯಂತ್ರಗಳು ಹೊರಗೆ ಸಲ್ಲದ ಖಾಸಗಿ ವಿಳಾಸಗಳನ್ನಿಟ್ಟುಕೊಳ್ಳುವುದು, ಗಡಿಯಲ್ಲಿರುವ ಯಂತ್ರವು ಅವನ್ನು ಹೊರವಿಳಾಸಕ್ಕೆ ಮಾರ್ಪಡಿಸುವುದು, ಇದೇ ಅದರ ಸಾರ. ಲೇಖಕರು ಇದನ್ನು ಅಲ್ಪಕಾಲದ ಪರಿಹಾರವೆಂದೇ ಕರೆದರು. ವಿಳಾಸಕ್ಕೆ ತುದಿಯಿಂದ ತುದಿಯವರೆಗೆ ಇದ್ದ ಅರ್ಥವು ಇದರಿಂದ ಕೆಡುತ್ತದೆಂಬುದನ್ನೂ ಮರೆಮಾಚಲಿಲ್ಲ. ಆ ವರ್ಷವೇ ಜುಲೈ ತಿಂಗಳಲ್ಲಿ ಪ್ರಕಟವಾದ ಆರ್‌ಎಫ್‌ಸಿ ೧೬೨೭ ಖಾಸಗಿ ವಿಳಾಸಗಳ ಬಳಕೆಯನ್ನು ಶಾಸನಬದ್ಧಗೊಳಿಸಕೂಡದೆಂದು ವಾದಿಸಿತು. ವಾದ ನಿಲ್ಲಲಿಲ್ಲ. ಆದಕಾರಣ, ಈ ಪರಿಣಾಮವನ್ನು ಯಾರೂ ಮುಂಗಾಣಲಿಲ್ಲವೆಂಬ ಮಾತನ್ನು ನಾವು ಒಪ್ಪಲಾರೆವು.

ಹೊಸ ಉಪಾಯದ ತೊಡಕು ಮೊದಲು ತಲೆದೋರಿದುದು ಭೂಷಣರ ಕಡತಸಾಗಣೆಯಲ್ಲಿಯೇ ಎಂಬುದು ಕುತೂಹಲಕರ. ವಿಳಾಸವು ಲಕೋಟೆಯ ಮೇಲೆ ಮಾತ್ರವಲ್ಲದೆ ಪತ್ರದ ಒಳಗೂ ಬರೆದಿದ್ದರೆ ಲಕೋಟೆಯನ್ನು ತಿದ್ದಿದ ಮಾತ್ರಕ್ಕೆ ಪ್ರಯೋಜನವೇನು? ಆದ್ದರಿಂದ ಗಡಿಯ ಯಂತ್ರವು ಪತ್ರವನ್ನು ಒಡೆದು ನೋಡಿ ಒಳಗಿನ ಅಂಕಿಗಳನ್ನೂ ತಿದ್ದಬೇಕಾಯಿತು. ಅಂಕಿಗಳು ಅಕ್ಷರರೂಪದಲ್ಲಿದ್ದುದರಿಂದ ತಿದ್ದಿದಾಗ ಪತ್ರದ ಉದ್ದವೇ ವ್ಯತ್ಯಾಸವಾಗುತ್ತಿದ್ದಿತು. ಹಾಗಾದರೆ ಮುಂದಿನ ಸಂದೇಶಗಳ ಕ್ರಮಸಂಖ್ಯೆಗಳನ್ನೆಲ್ಲ ಸರಿಪಡಿಸಿಕೊಂಡು ಹೋಗಬೇಕು. ಬಾಗಿಲು ಕಾಯುವವನಿಗೆ ಪತ್ರ ಓದುವ ಕೆಲಸ ಬಿದ್ದುದು ಹೀಗೆ. ಕೇಳುವವನೇ ಎರಡು ಕರೆಗಳನ್ನೂ ಮಾಡುವ ಪರ್ಯಾಯ ವಿಧಾನವು ಮೊದಲೇ ನಿಯಮದಲ್ಲಿದ್ದಿತು. ಕ್ರಮೇಣ ಅದೇ ರೂಢಿಯಾಯಿತು.

ಮನೆಗಳಿಗೆ ಅಂತರಜಾಲ ಹಬ್ಬಿದಾಗ ಪೋರ್ಟುಗಳನ್ನೂ ಬದಲಿಸುವ ನ್ಯಾಟ್ ಬಳಕೆಗೆ ಬಂದು, ಒಂದೇ ಹೊರವಿಳಾಸದ ಹಿಂದೆ ಮನೆಯ ಎಲ್ಲ ಯಂತ್ರಗಳೂ ನಿಂತವು. ಒಳಗಿನಿಂದ ಯಾರಾದರೂ ಹೊರಗೆ ಕರೆದಾಗ ರೂಟರು ತನ್ನ ಕೋಷ್ಟಕದಲ್ಲಿ ಒಂದು ಸಾಲನ್ನು ಬರೆದುಕೊಳ್ಳುತ್ತದೆ. ಉತ್ತರ ಬಂದಾಗ ಆ ಸಾಲನ್ನು ನೋಡಿ ತಲಪಿಸುತ್ತದೆ. ಸ್ವಲ್ಪ ಕಾಲದ ನಂತರ ಅಳಿಸಿಹಾಕುತ್ತದೆ. ಕರೆಯದೆ ಬಂದವನಿಗೆ ಕೋಷ್ಟಕದಲ್ಲಿ ಸಾಲಿಲ್ಲ. ಅವನನ್ನು ಯಾವ ಯಂತ್ರಕ್ಕೆ ಒಪ್ಪಿಸಬೇಕೆಂದು ರೂಟರಿಗೆ ತಿಳಿಯದು. ಪೋರ್ಟ್ ಫಾರ್ವರ್ಡಿಂಗ್ ಎಂಬುದು ಯಜಮಾನನು ತನ್ನ ಕೈಯಿಂದ ಬರೆದಿಟ್ಟ, ಅಳಿಸದೆ ಉಳಿಯುವ ಸಾಲು, ಅಷ್ಟೆ. ಆ ಸಾಲು ಸಾರ್ಥಕವಾಗಬೇಕಾದರೆ ಒಳಗಿನ ಯಂತ್ರದ ವಿಳಾಸವೂ ಸ್ಥಿರವಾಗಿರಬೇಕು. ಇಲ್ಲವಾದರೆ ಇಂದು ಗ್ರಂಥಭಂಡಾರದ ಯಂತ್ರಕ್ಕೆ ಹೋದ ಕರೆ ನಾಳೆ ಅಡುಗೆಮನೆಯ ದೂರವಾಣಿಗೆ ಹೋದೀತು. ಹೊಸಬರ ಸಂಯೋಜನೆಗಳು ನಾಲ್ಕು ದಿನ ನಡೆದು ಕೆಡುವುದಕ್ಕೆ ಬಹಳಮಟ್ಟಿಗೆ ಇದೇ ಕಾರಣ.

ಈ ಸಾಲಿನ ಬೆಲೆ ಜನಸಾಮಾನ್ಯರಿಗೆ ತಿಳಿದುದು ೧೯೯೯ರಲ್ಲಿ ನ್ಯಾಪ್‌ಸ್ಟರ್ ಬಂದಾಗ. ಇಬ್ಬರಲ್ಲಿ ಒಬ್ಬನ ಬಾಗಿಲು ತೆರೆದಿದ್ದರೆ ಮುಚ್ಚಿದವನೇ ಕರೆದು ಕಡತವನ್ನು ನೂಕಬಹುದಾಗಿದ್ದಿತು. ಇಬ್ಬರ ಬಾಗಿಲೂ ಮುಚ್ಚಿದ್ದರೆ ವ್ಯವಹಾರವೇ ಇಲ್ಲ. ೨೦೦೦ದ ನ್ಯೂಟೆಲ್ಲಾದಲ್ಲಿಯೂ ಇದೇ ಕಥೆ. ೨೦೦೧ರಲ್ಲಿ ಬ್ರಾಮ್ ಕೋಹೆನ್ ಅವರು ರಚಿಸಿದ ಬಿಟ್‌ಟೊರೆಂಟ್ ೬೮೮೧ರಿಂದ ಮುಂದಿನ ಪೋರ್ಟುಗಳನ್ನು ಬಳಸುತ್ತಿದ್ದಿತು. ಅವನ್ನು ತೆರೆದಿಟ್ಟವನಿಗೆ ಹೆಚ್ಚು ಜನ ಜೊತೆಗಾರರು ದೊರೆಯುತ್ತಿದ್ದರು. ತಂತ್ರಜ್ಞರಲ್ಲದ ಅಸಂಖ್ಯ ಮಂದಿ ರೂಟರಿನ ಪುಟವನ್ನು ಮೊತ್ತಮೊದಲು ತೆರೆದುದು ಹಾಡುಗಳ ಆಸೆಯಿಂದಲೇ ಎಂದು ಊಹಿಸಿದರೆ ತಪ್ಪಾಗಲಾರದು. ಈ ಕಷ್ಟವನ್ನು ತಪ್ಪಿಸಲೆಂದು ೨೦೦೧ರಲ್ಲಿ ಯುಪಿಎನ್‌ಪಿ ಪದ್ಧತಿಯಲ್ಲಿ ಒಳಗಿನ ತಂತ್ರಾಂಶಗಳೇ ರೂಟರನ್ನು ಕೇಳಿ ಬಾಗಿಲು ತೆರೆಸಿಕೊಳ್ಳುವ ಏರ್ಪಾಡಾಯಿತು. ಕೇಳುವವರು ಯಾರೆಂದು ರೂಟರು ವಿಚಾರಿಸುತ್ತಿರಲಿಲ್ಲ. ಮನೆಯೊಳಕ್ಕೆ ಮಾತ್ರ ಕಿವಿಗೊಡಬೇಕಾದ ಈ ಸೇವೆಯು ಹೊರಗಿನವರಿಗೂ ಉತ್ತರ ಕೊಡುತ್ತಿದ್ದ ೮ ಕೋಟಿಗೂ ಹೆಚ್ಚು ವಿಳಾಸಗಳನ್ನು ರ‍್ಯಾಪಿಡ್೭ ಸಂಸ್ಥೆಯವರು ೨೦೧೩ರಲ್ಲಿ ವರದಿಮಾಡಿದರು.

ತೆರೆದ ಬಾಗಿಲಿನಿಂದ ಮಿತ್ರನಲ್ಲದವನೂ ಬರಬಹುದೆಂಬುದನ್ನು ಲಘುವಾಗಿ ಕಾಣಲಾಗದು. ೨೦೧೭ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪಿಡುಗು ಹರಡಿದುದು ವಿಂಡೋಸ್ ಕಡತಹಂಚಿಕೆಯ ೪೪೫ನೆಯ ಪೋರ್ಟಿನ ಮೂಲಕವೇ. ಮನೆಯಲ್ಲಿ ಕಡತಗಳನ್ನಿರಿಸುವ ಯಂತ್ರಗಳ ತಯಾರಕರಾದ ಕ್ಯೂನ್ಯಾಪ್ ಸಂಸ್ಥೆಯವರು, ಸುಲಿಗೆಕೋರರ ಹಾವಳಿಯಿಂದಾಗಿ, ರೂಟರಿನ ಪೋರ್ಟ್ ಫಾರ್ವರ್ಡಿಂಗನ್ನು ನಿಲ್ಲಿಸಿರೆಂದು ೨೦೨೨ರ ಜನವರಿಯಲ್ಲಿ ತಮ್ಮ ಗ್ರಾಹಕರಿಗೆ ತಿಳಿಸಬೇಕಾಯಿತು. ನ್ಯಾಟ್‌ನಿಂದ ಕಾಕತಾಳೀಯವಾಗಿ ದೊರೆತ ರಕ್ಷಣೆಯನ್ನೇ ಅದರ ಉದ್ದೇಶವೆಂದು ಅನೇಕರು ಎಣಿಸಿರುವುದಕ್ಕೆ ಇಂಥ ಘಟನೆಗಳೇ ಆಧಾರ. ಉದ್ದೇಶವು ವಿಳಾಸದ ಮಿತವ್ಯಯವಾಗಿದ್ದಿತೆಂಬುದನ್ನು ೧೯೯೪ರ ಪತ್ರವೇ ಹೇಳುತ್ತದೆ.

ಇಷ್ಟಾದರೂ ಆ ಸಾಲನ್ನು ಬರೆಯುವುದೋ ಬಿಡುವುದೋ ಎಂಬುದು ಯಜಮಾನನ ಕೈಯಲ್ಲಿದ್ದಿತು. ೨೦೧೧ರ ಫೆಬ್ರವರಿ ೩ರಂದು ವಿಳಾಸಗಳ ಕೇಂದ್ರಭಂಡಾರ ಬರಿದಾಯಿತು. ಏಪ್ರಿಲಿನಲ್ಲಿ ನಮ್ಮ ಏಷ್ಯಾ ವಲಯವು ತನ್ನ ಕೊನೆಯ ಕಂತಿಗೆ ಇಳಿಯಿತು. ಆಮೇಲೆ ಸೇವೆ ಒದಗಿಸುವ ಸಂಸ್ಥೆಗಳೇ ತಮ್ಮಲ್ಲಿ ಇನ್ನೊಂದು ನ್ಯಾಟನ್ನು ಇರಿಸತೊಡಗಿದವು. ಅದಕ್ಕೆಂದೇ ೨೦೧೨ರಲ್ಲಿ ೧೦೦.೬೪ರಿಂದ ಆರಂಭವಾಗುವ ೪೧,೯೪,೩೦೪ ವಿಳಾಸಗಳನ್ನು ಮೀಸಲಿಡಲಾಯಿತು. ಈಗ ಬಾಗಿಲಿನಾಚೆ ಬೀದಿಗೇ ಒಂದು ಗೇಟು ಬಿದ್ದಂತಾಯಿತು. ರೂಟರಿನ ಹೊರವಿಳಾಸಕ್ಕೂ ಹೊರಜಗತ್ತು ಕಾಣುವ ವಿಳಾಸಕ್ಕೂ ವ್ಯತ್ಯಾಸವಿದ್ದರೆ, ಮನೆಯವನು ಎಷ್ಟು ಸರಿಯಾಗಿ ಕಟ್ಟಳೆಯನ್ನು ಬರೆದರೂ ಕರೆ ಅವನವರೆಗೆ ಬರುವುದೇ ಇಲ್ಲ. ನಮ್ಮ ದೇಶದ ಅನೇಕ ಮನೆಗಳ ಸ್ಥಿತಿ ಇದೇ. ಕಡತವನ್ನು ನೇರವಾಗಿ ಕೊಡಲಾರದವನು ಅದನ್ನು ಯಾವುದಾದರೊಂದು ದೊಡ್ಡ ಸಂಸ್ಥೆಯ ಉಗ್ರಾಣದಲ್ಲಿರಿಸಿ, ಅದರ ಷರತ್ತಿಗೊಳಪಟ್ಟು, ಮಿತ್ರನಿಗೆ ಅಲ್ಲಿಂದ ಕೊಡಿಸಬೇಕಾಗಿದೆ.

ಯಾವುದಕ್ಕಾಗಿ ಕಾಲ ತಳ್ಳಲಾಯಿತೋ ಆ ಹೊಸ ಪದ್ಧತಿ, ೧೨೮ ಬಿಟ್ಟುಗಳ ಐಪಿವಿ೬, ೧೯೯೫ರಲ್ಲಿಯೇ ಪ್ರಕಟವಾಯಿತು. ಇಂದು ಭಾರತವು ಅದರ ಬಳಕೆಯಲ್ಲಿ ಮುಂದಿನ ಸಾಲಿನಲ್ಲಿದೆ. ಅದರಲ್ಲಿ ಪ್ರತಿಯೊಂದು ಯಂತ್ರಕ್ಕೂ ತನ್ನದೇ ವಿಳಾಸವನ್ನು ಕೊಡಬಹುದು, ಅನುವಾದ ಬೇಕಿಲ್ಲ. ಆದರೂ ೨೦೧೧ರ ಆರ್‌ಎಫ್‌ಸಿ ೬೦೯೨ ಮನೆಯ ರೂಟರುಗಳು ಕರೆಯದೆ ಬಂದವರನ್ನು ಸಾಮಾನ್ಯವಾಗಿ ತಡೆಯುವ ಬಗೆಯನ್ನು ವಿವರಿಸಿತು. ಹಲವು ತಯಾರಕರು ಅದನ್ನು ಅನುಸರಿಸುತ್ತಾರೆ. ಆದ್ದರಿಂದ ಗೃಹಸ್ಥನು ಈಗಲೂ ರೂಟರಿನ ಪುಟವನ್ನು ತೆರೆದು ಒಂದು ಸಾಲನ್ನು ಬರೆಯುತ್ತಾನೆ. ಆ ಸಾಲಿನಲ್ಲಿ ಒಳವಿಳಾಸ ಹೊರವಿಳಾಸಗಳೆಂಬ ಭೇದವಿಲ್ಲ. ಇಂಥ ಯಂತ್ರದ ಇಂಥ ಬಾಗಿಲು ತೆರೆದಿರಲಿ ಎಂದಷ್ಟೇ ಇರುತ್ತದೆ.